ಒಬ್ಬನಿಗೆ ಬಾಗಿದ ತಲೆ: ಕ್ರೈಸ್ತ ಚಿಂತನೆಯಲ್ಲಿ ವಿಧೇಯತೆ ಮತ್ತು ತುಂಬು ಬದುಕು

ವಿಧೇಯತೆ ಅಂದರೆ ನಮ್ಮ ಸೀಮೆಯ ಹಿರಿಯರಿಗೆ ನೆನಪಾಗುವುದು ಬಿಟ್ಟಿ ಚಾಕರಿ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿ 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದವು. ಕೊಪ್ಪಳವಂತೂ ಸಾಲಾರ್‌ಜಂಗ್ ಮನೆತನದ ಜಾಗೀರು. ವಾಡೆಯಿಂದ ಕರೆ ಬಂದರೆ ಕೈಲಿದ್ದ ಕೆಲಸ ಬಿಟ್ಟು ಓಡಬೇಕು, ಹೇಳಿದ್ದಕ್ಕೆಲ್ಲ ‘ಆಗಲ್ರಿ ಧಣಿ’ ಅನ್ನಬೇಕು, ಕೂಲಿ ಕೇಳಬಾರದು. ಇರಕಲ್ಲಗಡದಂಥ ಹೋಬಳಿ ಊರಿನ ಕಟ್ಟೆಯ ಮೇಲೆ ಕೂತು ಯಾರಾದರೂ ‘ವಿಧೇಯನಾಗಿರು, ಬದುಕು ತುಂಬಿಬರುತ್ತದೆ’ ಎಂದರೆ, ಕೇಳಿದವರು ಅನುಮಾನದಿಂದಲೇ ನೋಡುತ್ತಾರೆ. ಕ್ರೈಸ್ತ ಧರ್ಮ ಹೇಳುವುದು ಹೆಚ್ಚುಕಡಿಮೆ ಅದೇ ಮಾತನ್ನು. ಹಾಗಾಗಿ ಆ ಅನುಮಾನವನ್ನು ಜೊತೆಗೇ ಇಟ್ಟುಕೊಂಡು ಮಾತನ್ನು ಬಿಡಿಸಿ ನೋಡುವುದು ಒಳ್ಳೆಯದು.

ನಂಬಿಕೆ, ವಿಧೇಯತೆ, ತುಂಬು ಬದುಕು: ಈ ಮೂರನ್ನು ಕ್ರೈಸ್ತ ಚಿಂತನೆ ಒಂದೇ ದಾರದಲ್ಲಿ ಪೋಣಿಸುತ್ತದೆ. ಹೊರಗಿನವರು ಮಾತ್ರವಲ್ಲ, ಎಷ್ಟೋ ಭಕ್ತರೂ ಇದನ್ನು ಹರಕೆಯ ಲೆಕ್ಕದಲ್ಲಿ ಓದುತ್ತಾರೆ. ನಾನು ದೇವರ ಮಾತು ನಡೆಸಿದರೆ ದೇವರು ನನ್ನ ಹೊಲಕ್ಕೆ ಮಳೆ ಕೊಡುತ್ತಾನೆ, ಮಗನಿಗೆ ನೌಕರಿ ಕೊಡುತ್ತಾನೆ ಎಂಬ ಕೊಡುಕೊಳೆ ಅದು. ಬೈಬಲಿನ ಕಥೆಯೇ ಈ ಲೆಕ್ಕಕ್ಕೆ ಒಪ್ಪುವುದಿಲ್ಲ.

ವಿಮೋಚನಾಕಾಂಡದಲ್ಲಿ ಘಟನೆಗಳು ನಡೆಯುವ ಕ್ರಮವನ್ನು ಗಮನಿಸಿ. ಇಸ್ರಾಯೇಲ್ಯರು ಐಗುಪ್ತದಲ್ಲಿ ಫರೋಹನ ಗುಲಾಮರು. ಇಟ್ಟಿಗೆ ಮಾಡುವುದು ಅವರ ದುಡಿಮೆ. ದೇವರು ಮೊದಲು ಅವರನ್ನು ಅಲ್ಲಿಂದ ಬಿಡಿಸಿ ಹೊರಗೆ ತರುತ್ತಾನೆ. ಸೀನಾಯಿ ಬೆಟ್ಟದ ಮೇಲೆ ಹತ್ತು ಆಜ್ಞೆಗಳು ಸಿಗುವುದು ಅದಾದ ಮೇಲೆ. ಆಜ್ಞೆಗಳ ಪಟ್ಟಿ ಕೂಡ ಬಿಡುಗಡೆಯನ್ನು ನೆನಪಿಸಿಯೇ ಶುರುವಾಗುತ್ತದೆ. ಬಿಡುಗಡೆ ವಿಧೇಯತೆಗೆ ಸಿಕ್ಕ ಕೂಲಿಯಾಗಿದ್ದರೆ ಆಜ್ಞೆ ಮೊದಲು ಬರಬೇಕಿತ್ತು. ಬಿಡುಗಡೆಯಾದವರು ಮತ್ತೆ ಗುಲಾಮರಾಗದಂತೆ, ತಾವೇ ಇನ್ನೊಬ್ಬರಿಗೆ ಫರೋಹರಾಗದಂತೆ ಬಾಳುವ ರೀತಿ ಯಾವುದು ಎಂಬುದಕ್ಕೆ ಆಜ್ಞೆಗಳು ಉತ್ತರ ಕೊಡುತ್ತವೆ.

ಇದು ಬರೀ ತತ್ತ್ವದ ಮಾತಾಗಿ ಉಳಿಯುವುದಿಲ್ಲ, ಹೊಲಕ್ಕೂ ಇಳಿಯುತ್ತದೆ. ಸಬ್ಬತ್ತಿನ ದಿನ ವಿಶ್ರಾಂತಿ ಯಜಮಾನನಿಗೆ ಮಾತ್ರ ಸಾಲದು. ಆಳಿಗೂ, ಪರದೇಶಿಗೂ, ಎತ್ತಿಗೂ ಇರಬೇಕು ಎಂಬುದು ಕಟ್ಟಳೆ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದ ನಮ್ಮ ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಲದ ಅಂಚಿನವರೆಗೂ ಕೊಯ್ಯಬಾರದು, ಬಿದ್ದ ತೆನೆ ಆರಿಸಿಕೊಳ್ಳಬಾರದು, ಅದನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು ಎನ್ನುತ್ತದೆ ಯಾಜಕಕಾಂಡ. ವಿಧವೆ ರೂತ್ ಜವೆಗೋದಿಯ ಹೊಲದಲ್ಲಿ ಹಕ್ಕಲಾಯ್ದು ಅತ್ತೆಯನ್ನು ಸಾಕಿದ್ದು ಈ ಕಟ್ಟಳೆಯ ಬಲದಿಂದ. ಇಲ್ಲಿ ಮಾತು ನಡೆಸಿದವನು ಹೊಲದ ಒಡೆಯ. ಹೊಟ್ಟೆ ತುಂಬಿದ್ದು ಬೇರೆಯವರದು.

ನಂಬಿಕೆಯ ವಿಷಯವೂ ಹೀಗೆಯೇ. ದೇವರಿದ್ದಾನೆ ಎಂದು ಒಪ್ಪಿಕೊಂಡರೆ ನಂಬಿಕೆ ಆಯಿತೇ? ಹಾಗೆ ನೋಡಿದರೆ ದೆವ್ವಗಳೂ ಒಪ್ಪಿಕೊಂಡಾವು ಎಂದು ಯಾಕೋಬನ ಪತ್ರಿಕೆ ಕುಟುಕುತ್ತದೆ. ಒಬ್ಬ ರೈತನನ್ನು ಊಹಿಸಿಕೊಳ್ಳಿ. ಮಂಡಿಗೆ ಮೆಕ್ಕೆಜೋಳ ಹಾಕಿದ್ದಾನೆ. ತೂಕದ ಚೀಟಿ ಬರೆಯುವಾಗ ಗುಮಾಸ್ತ ಒಂದು ಚೀಲ ಹೆಚ್ಚು ಬರೆದ. ದುಡ್ಡು ಕೈಗೆ ಬಂದಿದೆ, ಯಾರೂ ನೋಡಿಲ್ಲ, ಬೀಜ ಗೊಬ್ಬರದ ಅಂಗಡಿಯಲ್ಲಿ ಉದ್ರಿ ಬಾಕಿ ಇದೆ. ಕದಿಯಬಾರದೆಂಬ ಆಜ್ಞೆ ಅವನಿಗೆ ಗೊತ್ತು. ಆದರೂ ದುಡ್ಡು ತಿರುಗಿಸದಂತೆ ಅವನ ಕೈ ತಡೆಯುವುದು ಅಭಾವದ ಭಯ: ಈ ದುಡ್ಡು ಬಿಟ್ಟರೆ ನಾಳೆ ನನ್ನನ್ನು ನೋಡಿಕೊಳ್ಳುವವರು ಯಾರು? ನನ್ನನ್ನು ಕೈಬಿಡದವನೊಬ್ಬನಿದ್ದಾನೆ ಎಂಬ ಭರವಸೆ ಗಟ್ಟಿಯಾಗಿದ್ದಷ್ಟೂ ದುಡ್ಡು ತಿರುಗಿಸುವುದು ಸುಲಭವಾಗುತ್ತದೆ. ಚೀಟಿ ತಿದ್ದಿಸಿ ಬಂದಾಗ ಆ ಭರವಸೆ ಇನ್ನೊಂದಿಷ್ಟು ಬಲಿಯುತ್ತದೆ. ನಂಬಿಕೆಯಿಲ್ಲದೆ ವಿಧೇಯತೆ ನಿಲ್ಲದು, ವಿಧೇಯತೆಯಿಲ್ಲದೆ ನಂಬಿಕೆ ಬೆಳೆಯದು ಎಂದು ಜರ್ಮನಿಯ ದೇವಶಾಸ್ತ್ರಜ್ಞ ಡೀಟ್ರಿಚ್ ಬಾನ್‌ಹಾಫರ್ 1937ರ ತನ್ನ ಪುಸ್ತಕದಲ್ಲಿ ವಾದಿಸಿದ್ದು ಇದೇ ಅರ್ಥದಲ್ಲಿ.

ಇನ್ನು ತುಂಬು ಬದುಕು. ಕ್ರಿಸ್ತಪೂರ್ವ 4ನೇ ಶತಮಾನದ ಅರಿಸ್ಟಾಟಲ್ ಸುಖವನ್ನು ಒಂದು ಗಳಿಗೆಯ ಹಿಗ್ಗು ಎಂದು ತಿಳಿಯಲಿಲ್ಲ. ಮನುಷ್ಯನೊಳಗಿನ ಒಳ್ಳೆಯ ಶಕ್ತಿಗಳೆಲ್ಲ ರೂಢಿಯಿಂದ ಮಾಗಿ, ಇಡೀ ಆಯುಷ್ಯದ ನಡೆಯಲ್ಲಿ ಕಾಣಿಸಿಕೊಳ್ಳುವುದೇ ನಿಜವಾದ ಸುಖ ಎಂದ. 13ನೇ ಶತಮಾನದ ಥಾಮಸ್ ಅಕ್ವಿನಾಸ್ ಈ ವಿಚಾರವನ್ನು ಕ್ರೈಸ್ತ ಚಿಂತನೆಗೆ ತಂದು, ಸದ್ಗುಣಗಳು ಮನುಷ್ಯನನ್ನು ಮಾಗಿಸುವುದು ನಿಜ, ಆದರೆ ಅವನ ಪೂರ್ಣ ತೃಪ್ತಿ ದೇವರನ್ನು ಕಾಣುವುದರಲ್ಲಿದೆ ಎಂದು ಸೇರಿಸಿದ. ಅಪ್ಪಣೆಗೆ ಒಳಪಡುವುದು ಮಾಗುವುದಕ್ಕೆ ಹೇಗೆ ದಾರಿಯಾದೀತು? ಗದಗಿನ ಹುಡುಗ ಭೀಮಸೇನ ಜೋಶಿ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಮನೆಯಲ್ಲಿದ್ದ ವರ್ಷಗಳನ್ನು ನೆನೆದುಕೊಳ್ಳಿ. ನೀರು ಹೊತ್ತು, ಮನೆಗೆಲಸ ಮಾಡಿ, ಗುರು ಹೇಳಿಕೊಟ್ಟ ಸ್ವರಗಳನ್ನೇ ತಿರುತಿರುಗಿ ಹಾಡಿ ಕಲಿತ ಕಾಲ ಅದು. ಆ ಶಿಸ್ತಿಗೆ ಒಳಪಟ್ಟ ಕಂಠ ಮುಂದೆ ಯಾವ ಗುರುವೂ ಹೇಳಿಕೊಡಲಾಗದಷ್ಟು ಸ್ವತಂತ್ರವಾಗಿ ಹಾಡಿತು. ಶಿಸ್ತು ಸ್ವಾತಂತ್ರ್ಯವನ್ನು ಕಸಿಯಲಿಲ್ಲ, ಹಾಡುವ ಬಲ ಕೊಟ್ಟಿತು. ಕೋಪ ಬಂದಾಗಲೂ ಕ್ಷಮಿಸುವ, ಅಂಜಿಕೆಯಲ್ಲೂ ಸತ್ಯ ಹೇಳುವ ಬಲ ಹೀಗೆಯೇ ರೂಢಿಯಿಂದ ಬರುತ್ತದೆ ಎನ್ನುವುದು ಕ್ರೈಸ್ತರ ವಾದ.

ಈ ತುಂಬು ಬದುಕಿನಲ್ಲಿ ಸಿರಿತನಕ್ಕೆ ಗ್ಯಾರಂಟಿ ಇಲ್ಲ. ಟಿವಿ ಪ್ರವಚನಗಳಲ್ಲಿ ಕಾಣಿಕೆಗೆ ಹತ್ತು ಪಟ್ಟು ಆಶೀರ್ವಾದದ ಭರವಸೆ ಕೊಡುವವರಿದ್ದಾರೆ. ಆದರೆ ನೀತಿವಂತ ಯೋಬ ದನಕರು, ಆಳುಗಳು, ಮಕ್ಕಳು ಎಲ್ಲವನ್ನೂ ಕಳೆದುಕೊಂಡ ಕಥೆ ಅದೇ ಬೈಬಲಿನಲ್ಲಿದೆ. ಮತ್ತಾಯನ ಸುವಾರ್ತೆಯ ಬೆಟ್ಟದ ಪ್ರಸಂಗದಲ್ಲಿ ಯೇಸು ಧನ್ಯರೆಂದು ಕರೆಯುವುದು ದೀನರನ್ನು, ದುಃಖಪಡುವವರನ್ನು, ನೀತಿಗಾಗಿ ಹಿಂಸೆ ಪಡುವವರನ್ನು. ಗೆತ್ಸೇಮನೆ ತೋಟದಲ್ಲಿ ತಂದೆಯ ಚಿತ್ತಕ್ಕೆ ಒಪ್ಪಿಕೊಂಡ ಯೇಸುವಿಗೆ ಮರುದಿನ ಸಿಕ್ಕಿದ್ದು ಶಿಲುಬೆ. ನಂಬಿಕೆಗೆ ತೆರುವ ಈ ಬೆಲೆಗೆ ನಮ್ಮ ದೇಶದಲ್ಲಿ ಕಾನೂನಿನ ಮುಖವೂ ಇದೆ. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಆ ಪಟ್ಟಿಯಲ್ಲಿರಲು ಹಿಂದೂ ಆಗಿರಬೇಕಿತ್ತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು, ಕ್ರೈಸ್ತರನ್ನು ಸೇರಿಸಲಿಲ್ಲ. ಕೇರಿಯಿಂದ ಚರ್ಚಿಗೆ ಹೋಗಿ ಅದನ್ನು ಕಾಗದದ ಮೇಲೂ ಒಪ್ಪಿಕೊಂಡವನು ಮಕ್ಕಳ ಎಸ್‌ಸಿ ಪ್ರಮಾಣಪತ್ರವನ್ನು ಪಣಕ್ಕಿಟ್ಟಂತೆ. ಲಾಭದ ಲೆಕ್ಕ ಹಾಕುವವನು ಇಡುವ ಹೆಜ್ಜೆಯಲ್ಲ ಅದು.

ಈಗ ಮೊದಲಿನ ಅನುಮಾನಕ್ಕೆ ಬರೋಣ. ದೇವರ ಹೆಸರಿನಲ್ಲಿ ಮನುಷ್ಯರೇ ಅಪ್ಪಣೆ ಕೊಡಲು ಶುರುಮಾಡಿದರೆ? ತನ್ನ ಮನಸ್ಸಾಕ್ಷಿಯ ಕೆಲಸವನ್ನು ಪಾದ್ರಿಗೆ ವಹಿಸಿ ಕೂತವನು ಎಂದೂ ಪ್ರಾಯಕ್ಕೆ ಬಾರದ ಮಗುವಿನಂತೆ ಎಂದು ಇಮ್ಯಾನುಯೆಲ್ ಕಾಂಟ್ 1784ರಲ್ಲೇ ಎಚ್ಚರಿಸಿದ್ದ. 1961ರಲ್ಲಿ ಜೆರುಸಲೇಮಿನ ನ್ಯಾಯಾಲಯದಲ್ಲಿ ನಿಂತ ನಾಜಿ ಅಧಿಕಾರಿ ಐಖ್‌ಮನ್, ತಾನು ಮೇಲಿನವರ ಆದೇಶ ಪಾಲಿಸಿದೆ ಎಂದೇ ಸಮರ್ಥಿಸಿಕೊಂಡ. ನಮ್ಮ ನೆರೆಯ ಚರಿತ್ರೆಯಲ್ಲೂ ಅಪ್ಪಣೆಯ ಬಿಗಿ ಕಾಣುತ್ತದೆ. ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ಕೆಲಸ ಮಾಡಿದ ಬಾಸೆಲ್ ಮಿಷನ್ನಿನ ಪಾದ್ರಿಗಳು ಮದುವೆಯಾಗಬೇಕಾದರೂ ಸ್ವಿಟ್ಜರ್ಲೆಂಡಿನ ಸಮಿತಿಯ ಒಪ್ಪಿಗೆ ಬೇಕಿತ್ತು. 1853ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ ಕನ್ನಡದ ಛಂದಸ್ಸು, ಕಾವ್ಯ, ಶಬ್ದಗಳಲ್ಲಿ ಮುಳುಗಿದ್ದು ಆ ಶಿಸ್ತಿಗೆ ಸುಲಭವಾಗಿ ಹೊಂದುವ ಕೆಲಸವಾಗಿರಲಿಲ್ಲ. ಆತ ಮಿಷನ್ನನ್ನೂ ಬಿಡಲಿಲ್ಲ, ಶಬ್ದಗಳನ್ನೂ ಬಿಡಲಿಲ್ಲ. 1894ರಲ್ಲಿ ಸುಮಾರು 70,000 ಶಬ್ದಗಳ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದಲೇ ಹೊರಬಂತು. ಸಂಸ್ಥೆಯ ಅಪ್ಪಣೆಯೂ ಒಳಗಿನ ಕರೆಯೂ ಯಾವಾಗಲೂ ಒಂದೇ ಆಗಿರುವುದಿಲ್ಲ ಎಂಬುದಕ್ಕೆ ನಮ್ಮ ಕಪಾಟಿನಲ್ಲೇ ಇರುವ ಸಾಕ್ಷಿ ಅದು.

ಕ್ರೈಸ್ತ ಚಿಂತನೆ ಈ ಅಪಾಯಕ್ಕೆ ಕೊಡುವ ಉತ್ತರ ಆಜ್ಞೆ ಕೊಡುವ ಒಡೆಯ ಎಂಥವನು ಎಂಬುದರಲ್ಲಿದೆ. ಯೋಹಾನನ ಸುವಾರ್ತೆಯಲ್ಲಿ ಯೇಸು ಸೊಂಟಕ್ಕೆ ವಸ್ತ್ರ ಸುತ್ತಿಕೊಂಡು, ಬೋಗುಣಿಯಲ್ಲಿ ನೀರು ಹಾಕಿ, ಶಿಷ್ಯರ ಕಾಲು ತೊಳೆಯುತ್ತಾನೆ. ಅದು ಆ ಕಾಲದಲ್ಲಿ ಆಳಿನ ಕೆಲಸ. ನಾಚಿಕೊಂಡ ಪೇತ್ರ ಬೇಡವೆನ್ನುತ್ತಾನೆ, ಯೇಸು ಬಿಡುವುದಿಲ್ಲ. ಇಂಥ ಒಡೆಯನೊಬ್ಬನನ್ನೇ ಒಡೆಯನೆಂದು ಒಪ್ಪಿಕೊಂಡವನು ಉಳಿದ ಧಣಿಗಳನ್ನು ಹೊಸ ಕಣ್ಣಿನಿಂದ ನೋಡತೊಡಗುತ್ತಾನೆ. ಅದೇ ಪೇತ್ರ ಮುಂದೆ ನ್ಯಾಯಸಭೆಯ ಎದುರು ನಿಂತು, ಮನುಷ್ಯರಿಗಿಂತ ದೇವರ ಮಾತೇ ತನಗೆ ಹೆಚ್ಚು ಎಂದು ಹೇಳುತ್ತಾನೆ. ಬಾನ್‌ಹಾಫರ್ ಹಿಟ್ಲರನಿಗೆ ಎದುರಾಗಿ ನಿಂತು 1945ರ ಏಪ್ರಿಲ್ 9ರಂದು ಗಲ್ಲಿಗೇರಿದ. 1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಪತ್ರದಲ್ಲಿ ಅನ್ಯಾಯದ ಕಾನೂನು ಮುರಿಯುವುದನ್ನು ಸಮರ್ಥಿಸಿದ್ದು ದೇವರ ನ್ಯಾಯದ ಹೆಸರಿನಲ್ಲೇ. ಒಬ್ಬನಿಗೆ ಬಾಗಿದ ತಲೆ ಕಂಡಕಂಡವರಿಗೆ ಬಾಗಬೇಕಿಲ್ಲ. ಕಲ್ಯಾಣದ ಶರಣರ ನಿಷ್ಠೆಯನ್ನು ಬಲ್ಲ ನಾಡಿಗೆ ಈ ವಿಚಾರ ತೀರ ಪರಕೀಯವೇನಲ್ಲ.

ಹಾಗಾದರೆ ಸರಿಯಾದ ವಿಧೇಯತೆಯನ್ನು ಗುರುತಿಸುವುದು ಹೇಗೆ? ಕ್ರೈಸ್ತರ ದೇವರಿಗೆ ಮನುಷ್ಯನಿಂದ ಆಗಬೇಕಾದದ್ದು ಏನೂ ಇಲ್ಲ. ಆಜ್ಞೆ ನಡೆದಾಗ ಲಾಭ ಹೋಗುವುದು ಹಕ್ಕಲಾಯುವವಳಿಗೆ, ದಣಿದ ಆಳಿಗೆ, ಎತ್ತಿಗೆ. ಆದ್ದರಿಂದ ಯಾರಾದರೂ ದೇವರ ಹೆಸರು ಹೇಳಿ ಅಪ್ಪಣೆ ಕೊಟ್ಟಾಗ, ಅದು ನಡೆದರೆ ಲಾಭ ಯಾರಿಗೆ ಎಂದು ಕೇಳಬಹುದು. ಅಪ್ಪಣೆ ಕೊಟ್ಟವನಿಗೇ ಎಂಬ ಉತ್ತರ ಬಂದರೆ ಅದು ಬಿಟ್ಟಿ ಚಾಕರಿಯ ಇನ್ನೊಂದು ರೂಪ. ಈ ಪರೀಕ್ಷೆಯಲ್ಲಿ ಚರ್ಚುಗಳೂ ಬಹಳ ಸಲ ಸೋತಿವೆ: ಒಂದೇ ಗುಡಿಯೊಳಗೆ ಜಾತಿಗೊಂದು ಸಾಲು ಹಾಕಿ ಕೂರಿಸಿದ, ಸತ್ತವರಿಗೂ ಬೇರೆ ಜಾಗ ತೋರಿಸಿದ ಚರ್ಚುಗಳು ಈ ದೇಶದಲ್ಲಿವೆ. ಅವನ್ನು ಪ್ರಶ್ನಿಸಿದ ದಲಿತ ಕ್ರೈಸ್ತರು ನಂಬಿಕೆ ಬಿಟ್ಟು ಹೊರನಡೆದವರಲ್ಲ. ಕಾಲು ತೊಳೆದ ಒಡೆಯನ ಮಾತನ್ನು ಪಾದ್ರಿಗಿಂತ ಹೆಚ್ಚು ಗಂಭೀರವಾಗಿ ತೆಗೆದುಕೊಂಡವರು ಅವರು. ಚರ್ಚಿಗೆ ವಿಧೇಯತೆಯ ಪಾಠವನ್ನು ಮತ್ತೆ ಕಲಿಸುತ್ತಿರುವವರೂ ಅವರೇ.