ನೋಂಪಿಗೆ ಭಂಗ ಬಂದುದರಿಂದಲೇ?



ದಶಲಕ್ಷಣ ಪರ್ವದಲ್ಲಿ ಉತ್ತಮ ತಪೋಧರ್ಮದ ದಿನ ಪ್ರವಚನ ಮುಗಿಸಿ ಬಸದಿಯ ಮುಖಮಂಟಪದಲ್ಲಿ ಕುಳಿತಿದ್ದೆ. ಶ್ರಾವಿಕೆಯೊಬ್ಬರು ಆರು ವರ್ಷದ ಮಗಳ ಕೈಹಿಡಿದು ಬಂದರು. “ಪಂಡಿತರೇ, ಇವಳಿಗೆ ಮಧುಮೇಹವಂತೆ. ಜೀವವಿರುವ ತನಕ ಇನ್ಸುಲಿನ್ ಚುಚ್ಚುಮದ್ದು ಬೇಕೆನ್ನುತ್ತಾರೆ. ಹೋದ ವರ್ಷ ಅನಂತನ ನೋಂಪಿಯಲ್ಲಿ ನಾನು ಉಪವಾಸವನ್ನು ನಡುವೆ ಬಿಟ್ಟೆ. ಅದರಿಂದಲೇ ಹೀಗಾಯಿತೇ? ಈ ಚತುರ್ದಶಿಗೆ ನಾನೂ ಇವಳೂ ಉಪವಾಸವಿದ್ದರೆ ಚುಚ್ಚುಮದ್ದು ನಿಲ್ಲಿಸಬಹುದೇ?” ಎಂದು ಕೇಳಿದರು.

ಎರಡನೆಯ ಪ್ರಶ್ನೆಗೆ ಮೊದಲು ಉತ್ತರವಿತ್ತೆ: ಒಂದು ಹೊತ್ತೂ ನಿಲ್ಲಿಸಕೂಡದು, ತಾಯಿ. ಈ ವ್ಯಾಧಿಯಲ್ಲಿ ಮೇದೋಜೀರಕ ಗ್ರಂಥಿಯ ಇನ್ಸುಲಿನ್ ಸ್ರವಿಸುವ ಕಣಗಳನ್ನು ಶರೀರವೇ ನಾಶಗೊಳಿಸಿರುತ್ತದೆ. ೧೯೨೨ಕ್ಕೆ ಮುನ್ನ ಇಂತಹ ಮಕ್ಕಳಿಗಿದ್ದ ಚಿಕಿತ್ಸೆ ಅರೆಹೊಟ್ಟೆಯೊಂದೇ; ಎಲುಬಿನ ಹಂದರವಾಗಿ ಕೆಲಕಾಲ ಬದುಕಿ ತೀರಿಕೊಳ್ಳುತ್ತಿದ್ದರು. ಆ ವರ್ಷದ ಜನವರಿಯಲ್ಲಿ ಟೊರಾಂಟೊ ನಗರದಲ್ಲಿ ಹದಿನಾಲ್ಕು ವರ್ಷದ ಬಾಲಕನಿಗೆ ಮೊದಲ ಬಾರಿ ಇನ್ಸುಲಿನ್ ಕೊಟ್ಟರು. ಅದನ್ನು ಅಂದು ದನ, ಹಂದಿಗಳ ಗ್ರಂಥಿಯಿಂದ ತೆಗೆಯುತ್ತಿದ್ದುದರಿಂದ ನಮ್ಮ ಹಿರಿಯರ ಮನಸ್ಸು ಅಳುಕಿದ್ದರೆ ಅದು ಸಹಜ. ೧೯೮೨ರಿಂದ ಸೂಕ್ಷ್ಮಾಣುಗಳ ಮೂಲಕ ತಯಾರಿಸಿದ ಇನ್ಸುಲಿನ್ ಬಳಕೆಗೆ ಬಂದಿದೆ. ಅದರಲ್ಲಿ ಏಕೇಂದ್ರಿಯ ಜೀವಗಳ ವಿರಾಧನೆ ಇಲ್ಲವೆನ್ನಲಾರೆ. ಆದರೆ ಗೃಹಸ್ಥನ ಅಹಿಂಸಾಣುವ್ರತವು ತ್ರಸಜೀವಗಳ ಸಂಕಲ್ಪಹಿಂಸೆಯ ತ್ಯಾಗವಾಗಿದೆ.

ಇನ್ನು ಮೊದಲನೆಯ ಪ್ರಶ್ನೆ. ಆಕೆಯ ಎದೆಯನ್ನು ಸುಡುತ್ತಿದ್ದುದು ಅದೇ. ಪ್ರತಿಯೊಂದು ಜೀವವೂ ತಾನು ಕಟ್ಟಿದ ಕರ್ಮವನ್ನು ತಾನೇ ಉಣ್ಣುವುದು. ತಾಯಿಯ ವ್ರತಭಂಗವು ಮಗಳ ಆತ್ಮಕ್ಕೆ ಅಂಟುವುದಾದರೆ ಜಿನೇಂದ್ರನ ಕರ್ಮಸಿದ್ಧಾಂತವೇ ಬಿದ್ದುಹೋಗುತ್ತದೆ. ಬಿಟ್ಟ ಉಪವಾಸಕ್ಕೆ ಪ್ರಾಯಶ್ಚಿತ್ತವುಂಟು; ಅದನ್ನು ಬೇರೆಯಾಗಿ ತೆಗೆದುಕೊಳ್ಳಿರಿ. ಹಾಗೆಂದು “ಮಗುವಿನ ಪೂರ್ವಜನ್ಮದ ಪಾಪ” ಎಂದು ಅದರ ಮುಂದೆಯೇ ಆಡುವ ನೆರೆಹೊರೆಯವರ ಮಾತಿಗೆ ಕಿವಿಗೊಡಬೇಡಿರಿ. ಸಿದ್ಧಾಂತವಿರುವುದು ನಮ್ಮ ನಮ್ಮ ಆತ್ಮಶೋಧನೆಗೆ, ಪರರ ತೊಟ್ಟಿಲನ್ನು ಶೋಧಿಸುವುದಕ್ಕಲ್ಲ. ಅಸಾತಾವೇದನೀಯದ ಉದಯವೂ ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ನಿಮಿತ್ತವನ್ನು ಅನುಸರಿಸುತ್ತದೆ. ಔಷಧವೂ ಅಂತಹ ಒಂದು ನಿಮಿತ್ತ. ಸಮಂತಭದ್ರಾಚಾರ್ಯರಿಗೆ ಭಸ್ಮಕವ್ಯಾಧಿ ಬಂದು ಅವರು ಸಲ್ಲೇಖನೆಯನ್ನು ಬೇಡಿದಾಗ ಗುರುಗಳು ಒಪ್ಪದೆ, ಮೊದಲು ವ್ಯಾಧಿಯನ್ನು ಶಮನಗೊಳಿಸಿಕೊಂಡು ಮರಳಿ ದೀಕ್ಷೆ ಪಡೆಯೆಂದು ಕಳುಹಿಸಿದ ಕಥೆಯನ್ನು ತಾವೆಲ್ಲರೂ ಬಲ್ಲಿರಿ.

ಮಗುವಿನ ಉಪವಾಸದ ಮಾತೇ ಬೇಡ. ಎಂಟು ವರ್ಷ ತುಂಬದ ಜೀವಕ್ಕೆ ವ್ರತಗ್ರಹಣದ ಯೋಗ್ಯತೆಯೇ ಇಲ್ಲ. ದೊಡ್ಡವರಿಗೂ ಷೋಡಶ ಭಾವನೆಗಳಲ್ಲಿ ಹೇಳಿರುವುದು ‘ಶಕ್ತಿತಸ್ತಪ’, ಶಕ್ತಿಯಿದ್ದಷ್ಟು ತಪ. ರಾತ್ರಿ ಎರಡು ಗಂಟೆಗೆ ಎದ್ದು ಮಗುವಿನ ರಕ್ತದ ಸಕ್ಕರೆ ನೋಡಬೇಕಾದ ತಾಯಿ ತಲೆಸುತ್ತಿ ಬೀಳುವಂತೆ ಉಪವಾಸವಿರಬಾರದು. ಮಗು ಬೆವತು ನಡುಗಿದರೆ ನಡುರಾತ್ರಿಯಾದರೂ ಸಕ್ಕರೆ ನೀರು ಕೊಡಿರಿ. ಜೇನು ಬೇಡ, ಅದು ನಮಗೆ ತ್ಯಾಜ್ಯ. ಇದರಿಂದ ನಿಮ್ಮ ರಾತ್ರಿಭೋಜನ ತ್ಯಾಗಕ್ಕೆ ಭಂಗವಿಲ್ಲ. ಅನಶನವು ಬಾಹ್ಯತಪ, ವೈಯಾವೃತ್ತ್ಯವು ಅಂತರಂಗತಪ. ಶಾಸ್ತ್ರದಲ್ಲಿ ಅದು ಮುನಿಸೇವೆಗೆ ಹೇಳಿದ ಮಾತು, ನಿಜ. ರೋಗಿಯಾದ ಮಗುವಿನ ಶುಶ್ರೂಷೆಯನ್ನು ಅದರ ಪಕ್ಕದಲ್ಲಿರಿಸುವುದು ನನ್ನ ಭಾವ.

“ಹಾಗಾದರೆ ದೇವರಲ್ಲಿ ಏನನ್ನು ಬೇಡಲಿ?” ಎಂದರಾಕೆ. ವೀತರಾಗನು ಕೊಡುವವನೂ ಅಲ್ಲ, ಕಸಿಯುವವನೂ ಅಲ್ಲ. ನಿಃಕಾಂಕ್ಷಿತ ಅಂಗವನ್ನು ಹೆತ್ತ ತಾಯಿಗೆ ಬೋಧಿಸುವುದು ಎಷ್ಟು ಕಠಿಣವೆಂದು ನನಗೆ ಅಂದು ತಿಳಿಯಿತು. ಪಂಚನಮಸ್ಕಾರವನ್ನು ಜಪಿಸಿರಿ, ಆರ್ತಧ್ಯಾನ ಅಷ್ಟುಹೊತ್ತಾದರೂ ದೂರವಿರುತ್ತದೆ ಎಂದಷ್ಟೇ ಹೇಳಿದೆ.

ಅನಂತ ಚತುರ್ದಶಿಯಂದು ಆಕೆ ಏಕಾಶನ ಮಾಡಿದರು. ಅಭಿಷೇಕದ ನಡುವೆ ಎದ್ದು ಹೋಗಿ, ಮಗಳಿಗೆ ಹೊತ್ತಿನ ಚುಚ್ಚುಮದ್ದು ಕೊಟ್ಟು, ಉಣಿಸಿ, ಮರಳಿ ಬಂದು ಕುಳಿತರು.