ಅನಾಥ ಯಂತ್ರಕ್ಕೆ ದಿಕ್ಕು ಯಾರು?

ಹಳೆಯ ವಸ್ತುವನ್ನು ಕಾಪಾಡಬೇಕೆ, ಕೈಬಿಡಬೇಕೆ ಎಂಬ ಪ್ರಶ್ನೆಯು ಬಹಳ ಪುರಾತನವಾದುದು. ಅಟ್ಟದ ಮೇಲಿನ ಹಿತ್ತಾಳೆಯ ಪಾತ್ರೆಯ ವಿಷಯದಲ್ಲಿ ಇದಕ್ಕೆ ಉತ್ತರವು ಸುಲಭ. ಐವತ್ತು ವರ್ಷ ಯಾರೂ ಮುಟ್ಟದಿದ್ದರೂ ಪಾತ್ರೆಯು ಪಾತ್ರೆಯಾಗಿಯೇ ಇರುತ್ತದೆ. ಹುಣಿಸೆಹಣ್ಣಿನಿಂದ ತಿಕ್ಕಿದರೆ ಮತ್ತೆ ಬೆಳಗುತ್ತದೆ. ಆದರೆ ಲೋಕದಲ್ಲಿ ಇನ್ನೊಂದು ಬಗೆಯ ವಸ್ತುಗಳಿವೆ. ತಮ್ಮನ್ನು ಅರಿತವರು ಇರುವತನಕ ಮಾತ್ರ ಅವಕ್ಕೆ ಬದುಕು. ಗಣಕದ ಹಳೆಯ ಡಿಸ್ಕ್ ಡ್ರೈವು ಅಂಥದೊಂದು ವಸ್ತು. ಅದನ್ನು ಇಂದಿನ ಮುಕ್ತ ತಂತ್ರಾಂಶದ ಗಣಕದಲ್ಲಿ ನಡೆಯಿಸುವುದು ಮೇಲ್ನೋಟಕ್ಕೆ ಕೇವಲ ಯಂತ್ರದ ಕೆಲಸ. ವಿಚಾರಿಸಿ ನೋಡಿದರೆ ಅದರೊಳಗೆ ಧರ್ಮದ ಪ್ರಶ್ನೆಯೊಂದು ಅಡಗಿದೆ.

ಫ್ಲಾಪಿ ಎಂಬ ಚೌಕವಾದ ತಟ್ಟೆಯನ್ನು ಇಂದಿನ ವಿದ್ಯಾರ್ಥಿಗಳಲ್ಲಿ ಹಲವರು ಕಂಡಿರಲಾರರು. ಮೂರೂವರೆ ಅಂಗುಲದ ಆ ಪ್ಲಾಸ್ಟಿಕ್ ಚಿಪ್ಪಿನೊಳಗೆ ಕಾಂತಲೇಪನವುಳ್ಳ ತೆಳುವಾದ ಬಿಲ್ಲೆಯೊಂದಿದ್ದು, ಅದು ನಿಮಿಷಕ್ಕೆ ೩೦೦ ಸುತ್ತು ತಿರುಗುತ್ತದೆ. ಬಿಲ್ಲೆಗೆ ೨ ಮುಖ; ಮುಖವೊಂದಕ್ಕೆ ೮೦ ವರ್ತುಲ; ವರ್ತುಲವೊಂದಕ್ಕೆ ೧೮ ಭಾಗ; ಭಾಗವೊಂದಕ್ಕೆ ೫೧೨ ಬೈಟು. ಗುಣಿಸಿದರೆ ೧೪,೭೪,೫೬೦ ಬೈಟು ಬರುತ್ತದೆ. ಇಂದು ಕೈಯಲ್ಲಿ ಹಿಡಿಯುವ ಫೋನಿನ ಒಂದು ಛಾಯಾಚಿತ್ರಕ್ಕೂ ಇಷ್ಟು ಸ್ಥಳವು ಸಾಲದೆ ಹೋಗಬಹುದು. ಆದರೂ ಒಂದು ಕಾಲದಲ್ಲಿ ಸಂಘಗಳ ಲೆಕ್ಕಪತ್ರ, ಪತ್ರಿಕೆಗಳ ಕರಡು, ಕವಿಗಳ ಹಸ್ತಪ್ರತಿಯ ಬೆರಳಚ್ಚು ಇವೆಲ್ಲವೂ ಇದರೊಳಗೆ ಅಡಗಿ ಕುಳಿತವು. ಸೋನಿ ಸಂಸ್ಥೆಯು ೨೦೧೧ರಲ್ಲಿ ಜಪಾನಿನಲ್ಲಿ ಇದರ ಮಾರಾಟವನ್ನು ನಿಲ್ಲಿಸಿತು.

ನಮ್ಮ ನೀಲಗಿರಿಯ ಹವೆಯೂ ಇದಕ್ಕೆ ಹಿತವಾದುದಲ್ಲ. ಮಸಿನಗುಡಿಯ ಒಣಹವೆಯಲ್ಲಿ ಹೇಗೋ ಉಳಿಯಬಹುದಾದ ಬಿಲ್ಲೆಯು ಗೂಡಲೂರು, ದೇವಾಲದ ಕಡೆಯ ಮುಂಗಾರಿನಲ್ಲಿ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ ಬಿಲ್ಲೆಯನ್ನು ಹಾಗೆಯೇ ತುರುಕಿದರೆ ಡ್ರೈವಿನ ಓದುವ ತಲೆಯೂ ಕೆಡುತ್ತದೆ. ಆದುದರಿಂದ ಮೊದಲು ಬಿಲ್ಲೆಯನ್ನು ಶುಚಿಗೊಳಿಸಿ, ಅಳಿಸಿಹೋಗದಂತೆ ಮೂಲೆಯ ಕಿಂಡಿಯನ್ನು ತೆರೆದಿಟ್ಟು, ಅನಂತರ ಓದತೊಡಗಬೇಕು. ಲಿನಕ್ಸಿನಲ್ಲಿ ಇದಕ್ಕೆ ಡಿಡಿರೆಸ್ಕ್ಯೂ ಎಂಬ ಸಾಧನವಿದೆ. ಅದರ ಕ್ರಮವು ವಿವೇಕಿಯಾದ ಉಪಾಧ್ಯಾಯನ ಕ್ರಮದಂತಿದೆ. ಸುಲಭವಾಗಿ ಓದಬರುವ ಭಾಗಗಳನ್ನು ಅದು ಮೊದಲು ಪ್ರತಿಮಾಡಿಕೊಳ್ಳುತ್ತದೆ. ಕೆಟ್ಟ ಭಾಗಗಳನ್ನು ಗುರುತಿಟ್ಟುಕೊಂಡು ಆಮೇಲೆ ಮತ್ತೆ ಮತ್ತೆ ಅವುಗಳ ಬಳಿಗೆ ಬರುತ್ತದೆ. ಒಂದು ಕಡೆ ಎಡವಿತೆಂದು ಇಡೀ ಬಿಲ್ಲೆಯನ್ನು ಬಿಸುಡುವುದಿಲ್ಲ.

ಇಷ್ಟೆಲ್ಲ ನಡೆಯಬೇಕಾದರೆ ಗಣಕಕ್ಕೂ ಡ್ರೈವಿಗೂ ನಡುವೆ ದುಭಾಷಿಯೊಬ್ಬನು ಬೇಕು. ಚಾಲಕ ತಂತ್ರಾಂಶವೇ ಆ ದುಭಾಷಿ. ೧೯೯೧ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸಿನಲ್ಲಿ ಇಂತಹ ದುಭಾಷಿಗಳು ಸಾವಿರಾರು. ಯಾವುದನ್ನು ಯಾರು ನೋಡಿಕೊಳ್ಳುತ್ತಾರೆಂಬುದಕ್ಕೆ ಅಲ್ಲೊಂದು ಪಟ್ಟಿಯುಂಟು. ನೋಡುವವರಿಲ್ಲದ ಭಾಗಕ್ಕೆ ಆ ಪಟ್ಟಿಯಲ್ಲಿ ಬರೆಯುವ ಪದವು ‘ಅನಾಥ’ ಎಂಬ ಅರ್ಥದ್ದು. ೨೦೧೯ರ ಜುಲೈಯಲ್ಲಿ ಫ್ಲಾಪಿಯ ಚಾಲಕಕ್ಕೆ ಈ ಪದವು ಬಿದ್ದಿತು. ಅದನ್ನು ನೋಡಿಕೊಳ್ಳುತ್ತಿದ್ದವರ ಬಳಿ ಕೆಲಸಮಾಡುವ ಫ್ಲಾಪಿ ಡ್ರೈವು ಉಳಿದಿರಲಿಲ್ಲ; ಮಾರುಕಟ್ಟೆಯಲ್ಲಿ ಸಿಗುತ್ತಿದ್ದ ಯುಎಸ್‌ಬಿ ಬಗೆಯ ಡ್ರೈವುಗಳಿಗೆ ಈ ಹಳೆಯ ಚಾಲಕವು ಬೇಕಿರಲಿಲ್ಲ. ಆದರೆ ಅನಾಥವೆಂದು ಬರೆದುದು ಮರಣಪತ್ರವಾಗಲಿಲ್ಲ. ಅದರಲ್ಲಿದ್ದ ದೋಷಗಳನ್ನು ಆಗತಾನೆ ಹುಡುಕಿ ತಿದ್ದಿದ್ದ ಡೆನಿಸ್ ಎಫ್ರೆಮೋವ್ ಎಂಬವರು ಮುಂದೆ ಬಂದು ಅದರ ಪಾಲನೆಯನ್ನು ವಹಿಸಿಕೊಂಡರು. ಆ ಪಟ್ಟಿಯ ಪೀಠಿಕೆಯಲ್ಲಿಯೇ ಅನಾಥವೆಂಬ ಪದದ ವಿವರಣೆಯ ಮಗ್ಗುಲಲ್ಲಿ, ಓದುತ್ತಿರುವ ನೀವೇ ಇದನ್ನು ವಹಿಸಿಕೊಳ್ಳಬಹುದೇನೋ ಎಂಬರ್ಥದ ಸೂಚನೆಯಿದೆ. ತೊರೆಯುವಾಗಲೂ ಬಾಗಿಲನ್ನು ಒರಗಿಸಿ ಹೋಗುವುದು ಒಂದು ರೀತಿ. ಬೀಗ ಜಡಿದು ಬೀಗದ ಕೈಯನ್ನು ಬಾವಿಗೆ ಎಸೆಯುವುದು ಇನ್ನೊಂದು ರೀತಿ.

ಈ ಎರಡನೆಯ ರೀತಿಯ ಕಥೆಯೂ ಗಣಕದ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ೧೯೮೦ರ ಸುಮಾರಿನಲ್ಲಿ ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ರಿಚರ್ಡ್ ಸ್ಟಾಲ್‌ಮನ್ ಕೆಲಸಮಾಡುತ್ತಿದ್ದ ಪ್ರಯೋಗಾಲಯಕ್ಕೆ ಹೊಸ ಮುದ್ರಣ ಯಂತ್ರವೊಂದು ಬಂದಿತು. ಅದರಲ್ಲಿ ಕಾಗದವು ಮೇಲಿಂದ ಮೇಲೆ ಸಿಕ್ಕಿಕೊಳ್ಳುತ್ತಿತ್ತು. ಹಿಂದಿನ ಯಂತ್ರದಲ್ಲಿ ಹೀಗಾದಾಗ ಬಳಸುವವರಿಗೆ ಸುದ್ದಿ ಹೋಗುವಂತೆ ಅವರು ತಂತ್ರಾಂಶವನ್ನು ತಿದ್ದಿದ್ದರು. ಹೊಸದರ ಮೂಲ ಬರಹವನ್ನು ಕೇಳಿದರೆ ಕೊಡಲಿಲ್ಲ. ತಿದ್ದುವ ಜ್ಞಾನವಿದ್ದಿತು, ತಿದ್ದುವ ಮನಸ್ಸಿದ್ದಿತು. ಅನುಮತಿ ಮಾತ್ರ ಇರಲಿಲ್ಲ. ೧೯೮೩ರಲ್ಲಿ ಅವರು ಗ್ನೂ ಯೋಜನೆಯನ್ನು ಸಾರಿದುದರ ಹಿಂದೆ ಈ ಅನುಭವವೂ ಇದ್ದಿತು. ಮುಕ್ತವಾಗಿರುವುದರಿಂದಲೇ ಒಂದು ಯಂತ್ರಕ್ಕೆ ಆಯುಸ್ಸು ಬರುವುದಿಲ್ಲ ನಿಜ. ಆದರೆ ಆಯುಸ್ಸು ಕೊಡಬೇಕೆಂಬವನ ಕೈಯನ್ನು ಅದು ಕಟ್ಟುವುದಿಲ್ಲ.

ಇಲ್ಲಿ ಎದುರುವಾದವನ್ನೂ ಕೇಳಬೇಕು. ನಾಲ್ಕೇ ಮಂದಿಗೆ ಬೇಕಾದುದನ್ನು ಎಲ್ಲರ ಮನೆಯಲ್ಲಿ ಏಕೆ ಇಟ್ಟುಕೊಳ್ಳಬೇಕು? ಈ ಮಾತನ್ನು ಹಗುರವಾಗಿ ತಳ್ಳುವಂತಿಲ್ಲ. ೨೦೧೫ರಲ್ಲಿ ‘ವೆನಮ್’ ಎಂದು ಹೆಸರಾದ ದೋಷವೊಂದು ಬಯಲಿಗೆ ಬಂದಿತು. ಒಂದು ಗಣಕದೊಳಗೆ ಹಲವು ಗಣಕಗಳಿರುವಂತೆ ತೋರಿಸುವ ಕ್ಯೂಎಮು ಎಂಬ ತಂತ್ರಾಂಶದಲ್ಲಿ, ಯಾರೂ ಬಳಸದ ಕಾಲ್ಪನಿಕ ಫ್ಲಾಪಿ ನಿಯಂತ್ರಕದಲ್ಲಿ ಆ ದೋಷವು ೨೦೦೪ರಿಂದ ಮಲಗಿದ್ದಿತು. ಆ ಹಿತ್ತಿಲ ಬಾಗಿಲಿನಿಂದ ಕಳ್ಳನು ಇಡೀ ಮನೆಯನ್ನು ಹೊಗಬಹುದಾಗಿತ್ತು. ಹೀಗಿರಲು ಬರಿಯ ಉಳಿಸುವಿಕೆಯು ಕಾಪಾಡುವಿಕೆಯಲ್ಲ. ನೋಡುವವರಿಲ್ಲದೆ ಉಳಿದುದು ಪರರಿಗೂ ಹಾನಿ. ಹಳೆಯದರ ಮೇಲೆ ಅಭಿಮಾನವೆಂದು ಭಾಷಣಮಾಡಿ ಅದರ ಧೂಳನ್ನು ಒರಸದವನಿಗಿಂತ, ವಿಚಾರಮಾಡಿ ಗೌರವದಿಂದ ಬೀಳ್ಕೊಡುವವನು ಮೇಲು.

ಆದರೆ ‘ಬಳಸುವವರು ಎಷ್ಟು ಮಂದಿ?’ ಎಂಬುದೊಂದೇ ಪ್ರಶ್ನೆಯಾಗಬಾರದು. ಕರ್ನಾಟಕದ ಎಲ್ಲೆಯ ಹೊರಗೆ ಕನ್ನಡವನ್ನು ಕಲಿಸುವವರಿಗೆ ಈ ಪ್ರಶ್ನೆಯ ಮೊನೆಯು ಚೆನ್ನಾಗಿ ಗೊತ್ತು. ೧೯೪೯ರ ಪ್ರಾಂತೀಯ ಶಿಕ್ಷಣ ಮಂತ್ರಿಗಳ ಸಮ್ಮೇಳನವು ಶಾಲೆಯಲ್ಲಿ ೪೦ ಅಥವಾ ತರಗತಿಯಲ್ಲಿ ೧೦ ಮಕ್ಕಳಿದ್ದರೆ ಅವರ ಮಾತೃಭಾಷೆಗೆ ಉಪಾಧ್ಯಾಯರನ್ನು ಕೊಡಬೇಕೆಂದಿತು. ೧೯೫೬ರಲ್ಲಿ ಸಂವಿಧಾನಕ್ಕೆ ಸೇರಿದ ೩೫೦-ಎ ವಿಧಿಯು ಸಂಖ್ಯೆಯನ್ನೇ ಹೇಳದೆ, ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸೌಕರ್ಯವಿರಬೇಕೆಂದಿತು. ಆಡಳಿತಕ್ಕೆ ಎಣಿಕೆ ಬೇಕು, ಒಪ್ಪತಕ್ಕದ್ದೇ. ಆದರೆ ಎಣಿಕೆಯು ಹತ್ತರಿಂದ ಒಂಬತ್ತಕ್ಕೆ ಇಳಿದ ದಿನ ಆ ಒಂಬತ್ತು ಮಕ್ಕಳ ನಾಲಗೆಯ ಮೇಲಿನ ನುಡಿಯ ಬೆಲೆ ಇಳಿಯಿತೆ? ಭಾಷೆಯು ಯಂತ್ರವಲ್ಲ, ಮಕ್ಕಳು ಫ್ಲಾಪಿಗಳಲ್ಲ ಎಂಬುದು ಸರಿ. ಆದರೂ ಎರಡರ ವಿಷಯದಲ್ಲಿಯೂ ತೊರೆಯುವವರು ಆಡುವ ಮಾತು ಒಂದೇ ಆಗಿದೆ. ಆದುದರಿಂದ ಅದನ್ನು ಪರೀಕ್ಷಿಸದೆ ಒಪ್ಪಬಾರದು.

ನಮ್ಮ ಕನ್ನಡದ ಬರವಣಿಗೆಯೇ ಇಲ್ಲಿ ಸಾಕ್ಷಿ. ೧೯೯೮ರಲ್ಲಿ ‘ಬರಹ’ವೂ, ೨೦೦೦ದ ದಶಕದ ಆದಿಯಲ್ಲಿ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಬಂದ ಮೇಲೆ ಅಪಾರವಾದ ಕನ್ನಡ ಬರಹವು ಗಣಕವನ್ನು ಸೇರಿತು. ಆದರೆ ಅಂದಿನ ಬರಹದಲ್ಲಿ ಬಹುಭಾಗವು ಯೂನಿಕೋಡ್ ಕ್ರಮದಲ್ಲಿಲ್ಲ. ಕಷ್ಟಪಟ್ಟು ಫ್ಲಾಪಿಯನ್ನು ಓದಿದರೂ, ಹಳೆಯ ಅಕ್ಷರಶೈಲಿಯಿಲ್ಲದ ಗಣಕದ ಪರದೆಯ ಮೇಲೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಅದನ್ನು ಇಂದಿನ ಕನ್ನಡಕ್ಕೆ ತಿರುಗಿಸುವ ಪರಿವರ್ತಕಗಳನ್ನು ಉತ್ಸಾಹಿಗಳು ರಚಿಸಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಡ್ರೈವು, ಚಾಲಕ, ಪರಿವರ್ತಕ, ಕನ್ನಡ ಬಲ್ಲ ಓದುಗ—ಈ ನಾಲ್ಕು ಕೊಂಡಿಗಳಲ್ಲಿ ಒಂದು ಕಳಚಿದರೂ ಬರೆದವನು ಮೂಕನಾದನು. ಮೊದಲ ಮೂರನ್ನು ದೂರದ ಅಪರಿಚಿತರು ನಮಗಾಗಿ ಹಿಡಿದಿದ್ದಾರೆ. ನಾಲ್ಕನೆಯದನ್ನು ಹಿಡಿಯಬೇಕಾದವರು ನಾವೇ.

ಆದುದರಿಂದ ನಮ್ಮ ಕರ್ತವ್ಯವು ಮೂರು ಬಗೆಯದೆಂದು ತೋರುತ್ತದೆ. ಸಾಧ್ಯವಿದ್ದರೆ ನೋಡಿಕೊಳ್ಳಬೇಕು. ಸಾಧ್ಯವಿಲ್ಲದಿದ್ದರೆ ಇರುವ ಜ್ಞಾನವನ್ನೆಲ್ಲ ಬರೆದಿಟ್ಟು, ಮುಂದೆ ಬರುವವರ ಕೈಗೆ ಒಪ್ಪಿಸಬೇಕು. ಅದೂ ಆಗದಿದ್ದರೆ ಒಳಗಿರುವುದನ್ನು ಹೊಸ ಪಾತ್ರೆಗೆ ಸುರಿದುಕೊಂಡು ಹಳೆಯದಕ್ಕೆ ವಿದಾಯ ಹೇಳಬೇಕು. ನೋಡಿಕೊಳ್ಳದೆ, ನೋಡಿಕೊಳ್ಳುವವರಿಗೂ ಬಿಡದೆ ಬೀಗ ಹಾಕುವುದು ಮಾತ್ರ ಕೂಡದು. ವಿದ್ಯಾರ್ಥಿಗಳಲ್ಲಿ ನನ್ನ ಬಿನ್ನಹವಿಷ್ಟೆ: ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಫ್ಲಾಪಿಯೊಂದು ಸಿಕ್ಕರೆ ಎಸೆಯುವ ಮೊದಲು ಅದರ ಮೇಲಿನ ಚೀಟಿಯನ್ನು ಓದಿರಿ. ಅನಾಥವೆಂದು ಬರೆದ ಕಡೆಯಲ್ಲೆಲ್ಲ ನಾಥನ ಹೆಸರಿಗೆ ಒಂದು ಸಾಲು ತೆರವಾಗಿರುತ್ತದೆ.