ಹಂಚಿಕೊಂಡೇ ಉಳಿದ ಗಿಡ

ಚೀನಾದ ಶಾವೊಶಿಂಗ್ ಕಡೆ ಆರ್ಕಿಡ್ ಸಾಕುವವರ ತಾರಸಿಗೆ ಕಾಲಿಟ್ಟ ಹೊಸಬರಿಗೆ ಮೊದಲು ಬರುವುದು ಅನುಮಾನ. ಎತ್ತರದ ಸಪೂರ ಕುಂಡಗಳು ಸಾಲಾಗಿ ನಿಂತಿರುತ್ತವೆ. ಮೇಲೆ ನೆರಳುಬಲೆ, ಒಂದೊಂದು ಕುಂಡಕ್ಕೂ ಹೆಸರು ಬರೆದ ಚೀಟಿ. ಒಳಗಿರುವುದು ಮಾತ್ರ ಹುಲ್ಲೆಂದೇ ಅನ್ನಿಸುವ ನೀಳ ಎಲೆಗಳು. ವರ್ಷದ ಬಹುಪಾಲು ಹೀಗೆಯೇ. ಹೂ ಬಿಟ್ಟಾಗಲೂ ಕಣ್ಣು ಕುಕ್ಕುವಂಥದ್ದೇನಿಲ್ಲ. ಎರಡು ಅಂಗುಲದ ಹಸಿರು ಹಳದಿ ಹೂವೊಂದು ಎಲೆಗಳ ನಡುವೆ, ಹುಡುಕಿದರೆ ಸಿಗುವಂತೆ ಇರುತ್ತದೆ. ಹುಡುಕುವ ಮೊದಲೇ ಅದರ ಪರಿಮಳ ಕೋಣೆ ತುಂಬಿರುತ್ತದೆ ಎನ್ನುವುದು ಬೇರೆ ಮಾತು.

ಈ ಗಿಡ ಸಿಂಬಿಡಿಯಂ ಕುಲದ್ದು. ಆದರೆ ನಮ್ಮ ಹೂವಿನಂಗಡಿಗಳಲ್ಲಿ ಸಿಂಬಿಡಿಯಂ ಎಂದು ಮಾರುವುದು ಇದನ್ನಲ್ಲ. ಅದು ಹಿಮಾಲಯ, ಬರ್ಮಾ ಕಡೆಯ ದೊಡ್ಡ ಹೂವಿನ ಜಾತಿಗಳನ್ನು ಕೂಡಿಸಿ ಮಾಡಿದ ಮಿಶ್ರತಳಿ. ದಪ್ಪ ಎಸಳು, ಗುಲಾಬಿ, ಹಳದಿ, ಬಿಳಿ ಬಣ್ಣ, ವಾರಗಟ್ಟಲೆ ಬಾಡದ ತಾಳಿಕೆ. ಪರಿಮಳ ಮಾತ್ರ ಹೆಚ್ಚಿನವುಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಸಿಕ್ಕಿಂನ ರೈತರು ಮಾರುಕಟ್ಟೆಗೆ ಬೆಳೆಯುವುದು ಅದನ್ನೇ. ಅಲ್ಲಿನ ಪಾಕ್ಯೊಂಗ್‌ನಲ್ಲಿ 1996ರಿಂದ ರಾಷ್ಟ್ರೀಯ ಆರ್ಕಿಡ್ ಸಂಶೋಧನಾ ಕೇಂದ್ರವೂ ಇದೆ. ಮದುವೆ ಮಂಟಪಕ್ಕೆ ಆ ಹೂವು ಸರಿ. ಮನೆಯಲ್ಲಿ ವರ್ಷವಿಡೀ ಜೊತೆಗಿಟ್ಟುಕೊಳ್ಳಲು ನನ್ನ ಓಟು ಚೀನಾದ ಈ ಹುಲ್ಲಿಗೆ.

ತಲೆಮಾರುಗಳಿಂದ ಚೀನಾದ ಮನೆಗಳಲ್ಲಿ ಬೆಳೆದು ಬಂದವು ಮುಖ್ಯವಾಗಿ ಐದು. ಚಳಿ ಮುಗಿಯುವ ಹೊತ್ತಿಗೆ ದಂಟಿಗೊಂದೇ ಹೂ ಬಿಡುವ ಚುನ್‌ಲಾನ್. ಅದರ ಬೆನ್ನಿಗೆ, ಒಂದೇ ದಂಟಿನಲ್ಲಿ ಹಲವು ಹೂ ತರುವ ಹ್ವೇಲಾನ್. ಬೇಸಿಗೆಯಿಂದ ಶರತ್ಕಾಲದವರೆಗೆ ಮತ್ತೆ ಮತ್ತೆ ಅರಳುವ ಜಿಯಾನ್‌ಲಾನ್. ಚಳಿಗಾಲ ಕಾಲಿಡುವಾಗ ಹಾನ್‌ಲಾನ್. ಚೀನೀ ಹೊಸವರ್ಷದ ಆಸುಪಾಸಿನಲ್ಲಿ ಗಾಢ ಕಂದುಗೆಂಪಿನ ಮೋಲಾನ್. ಸೋಂಗ್ ರಾಜವಂಶದ ಕಾಲದ ಕವಿ, ಲಿಪಿಕಾರ ಹ್ವಾಂಗ್ ತಿಂಗ್‌ಜಿಯಾನ್ (1045–1105) ಮೊದಲೆರಡನ್ನು ಬೇರ್ಪಡಿಸಿದ ರೀತಿ ಇಂದಿಗೂ ಬಳಕೆಯಲ್ಲಿದೆ: ದಂಟಿಗೊಂದು ಹೂ, ಪರಿಮಳ ಧಾರಾಳವಾದರೆ ಮೊದಲನೆಯದು, ಐದರಿಂದ ಏಳು ಹೂ, ಪರಿಮಳ ತುಸು ಕಡಿಮೆಯಾದರೆ ಎರಡನೆಯದು. ಸಸ್ಯಶಾಸ್ತ್ರಜ್ಞನ ಅಳತೆಗೋಲಲ್ಲಿ ಮೂಗಿಗೆ ಇಷ್ಟು ಜಾಗ ಸಿಗುವುದಿಲ್ಲ. ಆದರೆ ಮೂಗನ್ನು ನಂಬಿದ್ದರಲ್ಲಿ ಅರ್ಥವಿದೆ. ಇದೇ ಚುನ್‌ಲಾನ್ ಜಪಾನ್, ಕೊರಿಯಾದ ಕಾಡುಗಳಲ್ಲೂ ಬೆಳೆಯುತ್ತದೆ; ಅಲ್ಲಿನವುಗಳಿಗೆ ಬಹುತೇಕ ಪರಿಮಳವೇ ಇಲ್ಲ.

ಹೂವನ್ನರಸಿ ಬರುವ ಜೇನಿಗೆ ಈ ಆರ್ಕಿಡ್‌ಗಳು ಮಕರಂದ ಕೊಡುವುದಿಲ್ಲ, ಬರೀ ಆಸೆ ತೋರಿಸಿ ಪರಾಗ ಹೊರಿಸಿ ಕಳಿಸುತ್ತವೆ. ಇದೇ ಕುಲದ ಇನ್ನೊಂದು ಗಿಡಕ್ಕೆ ಜಪಾನಿನಲ್ಲಿ ಕಿನ್‌ರ್ಯೋಹೆನ್ ಎಂದು ಹೆಸರು. ಅಲ್ಲಿನ ಜೇನು ಸಾಕುವವರು ಹೊಸ ಕುಟುಂಬ ಹಿಡಿಯಬೇಕಾದಾಗ ಖಾಲಿ ಪೆಟ್ಟಿಗೆಯ ಪಕ್ಕದಲ್ಲಿ ಹೂಬಿಟ್ಟ ಈ ಕುಂಡವನ್ನು ಇಡುತ್ತಾರೆ. ಗುಂಪಿಗೆ ಗುಂಪೇ ಬಂದು ಹೂವಿನ ಮೇಲೆ ಕೂರುತ್ತದೆ. ಆ ಜೇನು ನಮ್ಮ ಮಲೆನಾಡಿನವರು ಪೆಟ್ಟಿಗೆಯಲ್ಲಿ ಸಾಕುವ ತುಡುವೆಯ ಜಾತಿಯದೇ.

ಕಾಡಿನ ಆಳದಲ್ಲಿ, ನೋಡುವವರಿಲ್ಲದಿದ್ದರೂ ಪರಿಮಳ ಬೀರುತ್ತದೆ ಎಂದು ಈ ಗಿಡವನ್ನು ಸಜ್ಜನರ ಗುರುತು ಮಾಡಿದ್ದು ಕನ್ಫ್ಯೂಷಿಯಸ್‌ನ ಹೆಸರಿನಲ್ಲಿ ಬಂದ ಮಾತು. ಅವನ ಕಾಲದ ಗಿಡ ಬೇರೊಂದು ಸುವಾಸನೆಯ ಸೊಪ್ಪು ಇದ್ದೀತು ಎನ್ನುವ ವಿದ್ವಾಂಸರಿದ್ದಾರೆ. ಆದರೆ ಸೋಂಗ್ ಕಾಲಕ್ಕೆ ಬರುವಷ್ಟರಲ್ಲಿ ಆ ಗೌರವವೆಲ್ಲ ಈ ಆರ್ಕಿಡ್‌ಗೇ ಸಂದಿತ್ತು. 1233ರಲ್ಲಿ ಝಾವ್ ಶಿಗೆಂಗ್ ಎಂಬಾತ ಫುಜಿಯಾನ್ ಸೀಮೆಯ ಆರ್ಕಿಡ್ ತಳಿಗಳನ್ನೂ ಅವುಗಳ ಆರೈಕೆಯನ್ನೂ ವಿವರಿಸಿ ಒಂದು ಪುಸ್ತಕವನ್ನೇ ಬರೆದ. ಇಂಗ್ಲೆಂಡಿನ ಶ್ರೀಮಂತರಿಗೆ ಆರ್ಕಿಡ್ ಹುಚ್ಚು ಹತ್ತಿದ್ದು ಅದಾಗಿ ಆರು ಶತಮಾನಗಳ ಮೇಲೆ.

1279ರಲ್ಲಿ ಸೋಂಗ್ ರಾಜ್ಯ ಮಂಗೋಲರಿಗೆ ಬಿತ್ತು. ಝೆಂಗ್ ಸಿಶಿಯಾವ್ ಎಂಬ ಚಿತ್ರಕಾರ ಆಮೇಲೆ ಬರೆದ ಆರ್ಕಿಡ್‌ಗಳಿಗೆ ಬೇರೂ ಇಲ್ಲ, ಕೆಳಗೆ ನೆಲವೂ ಇಲ್ಲ. ಏಕೆಂದು ಕೇಳಿದವರಿಗೆ, ಮಣ್ಣನ್ನು ಪರರು ಕದ್ದೊಯ್ದರಲ್ಲ ಎಂದನಂತೆ. 1306ರ ಅವನ ಅಂಥದೊಂದು ಚಿತ್ರ ಈಗ ಜಪಾನಿನ ಒಸಾಕಾ ವಸ್ತುಸಂಗ್ರಹಾಲಯದಲ್ಲಿದೆ. ಕೆಲವೇ ಎಲೆ, ಒಂದೆರಡು ಹೂ, ಸುತ್ತ ಖಾಲಿ. ದುಃಖದಿಂದ ಬರೆದ ಆ ಚಿತ್ರದಲ್ಲಿ ತೋಟಗಾರಿಕೆಯ ಒಂದು ಸತ್ಯವೂ ಸೇರಿಕೊಂಡಿರುವುದು ನನಗೆ ತಮಾಷೆಯಾಗಿ ಕಾಣುತ್ತದೆ. ಇಂದು ಚೆನ್ನಾಗಿ ಬೆಳೆದ ಕುಂಡವೊಂದನ್ನು ಬಗ್ಗಿಸಿ ನೋಡಿದರೆ ಒಳಗೆ ಮಣ್ಣೇ ಸಿಗುವುದಿಲ್ಲ. ಪೈನ್ ತೊಗಟೆಯ ಚೂರು, ಹಗುರವಾದ ಜ್ವಾಲಾಮುಖಿ ಕಲ್ಲು, ಸುಟ್ಟ ಮಣ್ಣಿನ ಉಂಡೆ, ಇಷ್ಟೇ.

ಕಾರಣ ಬೇರಿನಲ್ಲಿದೆ. ಈ ಗಿಡದ ಬೇರು ದಪ್ಪ, ಬಿಳಿ. ಅದರ ಮೈಮೇಲೆ ಸತ್ತ ಕೋಶಗಳ ಒಂದು ಪದರವಿದ್ದು, ನೀರು ಬಿದ್ದ ಕೂಡಲೇ ಹೀರಿ ಹಿಡಿದುಕೊಳ್ಳುತ್ತದೆ. ಹೀರಿದ ಮೇಲೆ ಅದಕ್ಕೆ ಗಾಳಿ ಬೇಕು. ಜಿಗುಟು ಮಣ್ಣಿನಲ್ಲಿ ಗಾಳಿ ಸಿಗದೆ ಬೇರು ಕೊಳೆಯುತ್ತದೆ. ಬುಡದ ಗೆಡ್ಡೆಯಲ್ಲಿ ನೀರಿನ ಉಗ್ರಾಣ ಇರುವುದರಿಂದ ಎಲೆ ಮಾತ್ರ ಬಹಳ ದಿನ ಹಸಿರಾಗಿಯೇ ಇರುತ್ತದೆ. ಎಲೆಯ ತುದಿ ಕಪ್ಪಾಗಿ, ಯಜಮಾನರು ಗಾಬರಿಯಾಗಿ, ಇನ್ನಷ್ಟು ನೀರು ಹೊಯ್ಯುವ ಹೊತ್ತಿಗೆ ಕೆಳಗೆ ಕಥೆ ಮುಗಿದಿರುತ್ತದೆ.

ಉಳಿದದ್ದೆಲ್ಲ ಬೇಗ ಬರುತ್ತದೆ, ನೀರು ಹಾಕುವುದನ್ನು ಕಲಿಯಲು ಮೂರು ವರ್ಷ ಬೇಕು ಎಂದು ಚೀನಾದ ಬೆಳೆಗಾರರು ಹೇಳುವುದು ಇದಕ್ಕೇ. ಮೇಲ್ಭಾಗ ಒಣಗಿದೆ ಎಂದರೆ ತಳ ಒಣಗಿದೆ ಎಂದಲ್ಲ. ಕುಂಡವನ್ನು ಎತ್ತಿ ಅದರ ತೂಕ ನೋಡುವುದು ಹೆಚ್ಚು ನಂಬಿಕೆಯ ದಾರಿ. ಕೆಲವು ವಾರಗಳಲ್ಲಿ ಕೈಗೆ ಲೆಕ್ಕ ಸಿಕ್ಕಿಬಿಡುತ್ತದೆ. ಹಾಕಿದ ದಿನ ತಳದ ತೂತಿನಿಂದ ಹರಿದುಹೋಗುವಷ್ಟು ಹಾಕಬೇಕು. ಉಳಿದ ದಿನ ಕೈಕಟ್ಟಿ ಕೂರಬೇಕು. ಬೆಳಿಗ್ಗೆ ಎದ್ದು ತುಳಸಿಗೆ ಒಂದು ಚೊಂಬು ನೀರೆರೆದೇ ಕಾಫಿ ಕುಡಿಯುವ ನಮ್ಮವರಿಗೆ ಇದು ನಿಜಕ್ಕೂ ಕಷ್ಟ. ನೀರು ಮಳೆಯದಾದರೆ ಉತ್ತಮ. ಬೋರ್‌ವೆಲ್‌ನ ಗಡಸು ನೀರಿನ ಉಪ್ಪು ಬೇರಿನ ಸುತ್ತ ಕೂತು ಎಲೆಯ ತುದಿಯನ್ನು ಸುಡುತ್ತದೆ. ಎಳೆಯ ಕಂದಿನ ನೆತ್ತಿಯಲ್ಲಿ ರಾತ್ರಿಯಿಡೀ ನೀರು ನಿಂತರೆ ಅದು ಬುಡದಿಂದಲೇ ಕೊಳೆತು ಕೈಗೆ ಬರುತ್ತದೆ. ಆದ್ದರಿಂದ ನೀರಿನ ಕೆಲಸ ಬೆಳಿಗ್ಗೆಯೇ ಮುಗಿಯಲಿ, ಗಾಳಿ ಆಡಲಿ.

ಋತುಗಳಿಗೂ ಹಳಬರು ಒಂದೊಂದು ಎಚ್ಚರಿಕೆ ಹೇಳಿದ್ದಾರೆ. ವಸಂತದಲ್ಲಿ ಅವಸರಪಟ್ಟು ಹೊರಗಿಡಬೇಡ, ಬೇಸಿಗೆಯಲ್ಲಿ ಬಿಸಿಲಿಗೆ ಒಡ್ಡಬೇಡ, ಶರತ್ಕಾಲದಲ್ಲಿ ಒಣಗಿಸಬೇಡ, ಚಳಿಯಲ್ಲಿ ನೆನೆಸಬೇಡ. ನಾಲ್ಕೂ ಬೇಡಗಳೇ. ಗೊಬ್ಬರಕ್ಕೂ ಇದೇ ಮಾತು ಹೊಂದುತ್ತದೆ: ತೆಳುವಾಗಿ, ಬೆಳೆಯುವ ತಿಂಗಳುಗಳಲ್ಲಿ ಮಾತ್ರ.

ಯಾವುದನ್ನು ಬೆಳೆಯಬಹುದು? ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇರುವವರು ಚುನ್‌ಲಾನ್‌ನ ಚಿತ್ರ ನೋಡಿ ಮರುಳಾಗುವುದು ಬೇಡ. ಅದರ ಮೊಗ್ಗು ಹಿಂದಿನ ವರ್ಷದ ಬೇಸಿಗೆ ಕಳೆಯುವಷ್ಟರಲ್ಲೇ ಬುಡದಲ್ಲಿ ಕೂತು, ಚಳಿಗಾಗಿ ಕಾಯುತ್ತದೆ. ಹತ್ತು ಡಿಗ್ರಿಗಿಂತ ಕೆಳಗಿನ ಚಳಿ ಹಲವು ವಾರ ಸಿಗದಿದ್ದರೆ ದಂಟು ಏಳದೆ ಅಲ್ಲೇ ಒಣಗುತ್ತದೆ. ಫ್ರಿಜ್ಜಿನಲ್ಲಿಟ್ಟು ಮೋಸ ಮಾಡುವ ಉತ್ಸಾಹಿಗಳಿದ್ದಾರೆ. ಸೊಪ್ಪಿನ ಪಕ್ಕ ಕುಂಡ ಇಡಲು ಮನೆಯವರು ಒಪ್ಪಬೇಕಷ್ಟೇ. ಜಿಯಾನ್‌ಲಾನ್‌ಗೆ ಇಂಥ ಹಟವಿಲ್ಲ. ದಕ್ಷಿಣ ಚೀನಾದ ಸೆಕೆಯಿಂದ ಬಂದದ್ದು, ಬೆಳಗಿನ ಎಳೆಬಿಸಿಲು ಬೀಳುವ ಬಾಲ್ಕನಿ ಸಾಕು. ಮೋಲಾನ್ ಕೂಡ ಸೆಕೆ ತಾಳುತ್ತದೆ, ಇನ್ನೂ ತುಸು ಹೆಚ್ಚು ನೆರಳು ಕೇಳುತ್ತದೆ.

ನನಗೆ ಇವೆಲ್ಲಕ್ಕಿಂತ ಮುಖ್ಯವೆನ್ನಿಸುವುದು ಗಿಡವನ್ನು ಬಿಡಿಸುವ ಕೆಲಸ. ವರ್ಷಕ್ಕೊಮ್ಮೆ ಹಳೆಯ ಗೆಡ್ಡೆಯ ಪಕ್ಕದಲ್ಲಿ ಏಲಕ್ಕಿ ಬುಡದಲ್ಲಿ ಬರುವ ಹಾಗೆ ಹೊಸ ಕಂದು ಏಳುತ್ತದೆ. ಕುಂಡ ತುಂಬಿದಾಗ ಬುಡವನ್ನು ಬಿಡಿಸಿ ಎರಡು ಮಾಡುತ್ತಾರೆ, ಒಂದೊಂದರಲ್ಲೂ ಮೂರಾದರೂ ಕಂದು ಉಳಿಯುವಂತೆ. ಒಂಟಿ ಕಂದು ಬದುಕಿದರೂ ಹೂವಿಗೆ ವರ್ಷಗಟ್ಟಲೆ ಕಾಯಿಸುತ್ತದೆ. ಬೀಜದಿಂದ ಇದು ಸುಲಭಕ್ಕೆ ಬರುವುದಲ್ಲ. ಧೂಳಿನಷ್ಟು ಸಣ್ಣ ಬೀಜದಲ್ಲಿ ಆಹಾರವೇ ಇರುವುದಿಲ್ಲ, ಮೊಳೆಯಲು ಒಂದು ಶಿಲೀಂಧ್ರದ ನೆರವು ಬೇಕು. ಮೊಳೆತ ಮೇಲೂ ಮೊದಲು ಎಲೆ ಬರುವುದಿಲ್ಲ, ಕೊಂಬೆಯೊಡೆದ ಬೇರುಕಾಂಡವಾಗಿ ನೆಲದೊಳಗೇ ತಿರುಗಾಡುತ್ತದೆ. ಅಷ್ಟೆಲ್ಲ ಆಗಿ ಹೂ ಬಿಟ್ಟರೆ ಅದು ತಾಯಿಯ ಹಾಗೆ ಇರುತ್ತದೆಂಬ ಭರವಸೆಯೂ ಇಲ್ಲ. ಹಾಗಾಗಿ ಮೆಚ್ಚಿದ ತಳಿಯೊಂದು ಉಳಿಯಬೇಕಾದರೆ ಭಾಗ ಮಾಡಿ ಕೊಡುತ್ತಲೇ ಇರಬೇಕಿತ್ತು.

ಸೋಂಗ್ ಮೇ ಎಂಬ ಚುನ್‌ಲಾನ್ ತಳಿ ಹೀಗೆಯೇ ಬಂದದ್ದು. ಶಾವೊಶಿಂಗ್‌ನ ಸೋಂಗ್ ಎಂಬ ಮನೆತನದವರೊಬ್ಬರು ಚಿಯಾನ್‌ಲೊಂಗ್ ಚಕ್ರವರ್ತಿಯ ಕಾಲದಲ್ಲಿ, ಅಂದರೆ 18ನೇ ಶತಮಾನದಲ್ಲಿ, ಆರಿಸಿ ತೆಗೆದ ಒಂದು ಗಿಡ ಅದು. ದುಂಡನೆಯ ಎಸಳು ಪ್ಲಮ್ ಹೂವಿನದನ್ನು ನೆನಪಿಸುತ್ತದೆ. ಇಂದು ಜಗತ್ತಿನ ಯಾವ ಮೂಲೆಯಲ್ಲಿ ನಿಜವಾದ ಸೋಂಗ್ ಮೇ ಇದ್ದರೂ ಅದು ಆ ಗಿಡದ ಮಗಳೋ ಮೊಮ್ಮಗಳೋ ಅಲ್ಲ, ಆ ಗಿಡವೇ. ನಮ್ಮ ಅಡುಗೆಮನೆಗಳಲ್ಲಿ ಮೊಸರು ಬದುಕಿರುವುದು ಹೀಗೇ ಅಲ್ಲವೇ? ಒಂದು ಮನೆಯ ಹೆಪ್ಪು ಇನ್ನೊಂದು ಮನೆಗೆ ಹೋಗಿ, ಮೊದಲ ಮನೆಯಲ್ಲಿ ಕೆಟ್ಟ ದಿನ ಅಲ್ಲಿಂದ ವಾಪಸು ಬರುತ್ತದೆ. ಯುದ್ಧ, ಕ್ಷಾಮ, ಕ್ರಾಂತಿಗಳಲ್ಲಿ ಎಷ್ಟೋ ತಾರಸಿಗಳು ಬರಿದಾದರೂ ಹಳೆಯ ತಳಿಗಳು ಉಳಿದದ್ದು ಯಾರದೋ ಹಿತ್ತಿಲಿನಲ್ಲಿ ಒಂದು ಪಾಲು ಇದ್ದುದರಿಂದ.

ಸಣ್ಣ ವ್ಯತ್ಯಾಸ ಕಾಣಲು ಪಳಗಿದ ಕಣ್ಣೇ ಬೆಲೆ ಕಟ್ಟುವುದನ್ನೂ ಕಲಿಯಿತು. ತುಟಿಯ ಮೇಲೆ ಕೆಂಪು ಚುಕ್ಕಿ ಇಲ್ಲದಿದ್ದರೆ ಒಂದು ದರ, ಎಸಳು ತಾವರೆಯಂತೆ ಅಗಲವಾಗಿದ್ದರೆ ಇನ್ನೊಂದು, ಎಲೆಯಲ್ಲಿ ಬಿಳಿ ಗೆರೆ ಹಾಯ್ದರೆ ಮತ್ತೊಂದು. 1980ರ ದಶಕದಲ್ಲಿ ತೈವಾನ್ ಗೆರೆ ಎಲೆಯ ಮೋಲಾನ್‌ಗಳ ಹಿಂದೆ ಓಡಿತು. 2000ದ ದಶಕದ ಮಧ್ಯದಲ್ಲಿ ಚೀನಾದಲ್ಲಿ ಒಂದು ಕಂದಿಗೆ ಲಕ್ಷಾಂತರ ಯುವಾನ್ ಕೊಟ್ಟರು. ಅವರು ಹೂವಿಗಾಗಿ ಕೊಂಡವರಲ್ಲ, ಬರುವ ವರ್ಷದ ಕಂದನ್ನು ಇನ್ನೂ ಹೆಚ್ಚಿಗೆ ಮಾರುವ ಲೆಕ್ಕದವರು. ಗುದ್ದಲಿ ಹಿಡಿದ ಹಳ್ಳಿಗರು ಹೊಸ ರೂಪದ ಒಂದು ಗಿಡ ಸಿಕ್ಕೀತೆಂದು ಬೆಟ್ಟಗಳನ್ನೇ ಜಾಲಾಡಿದರು. ಕಿತ್ತದ್ದರಲ್ಲಿ ಹೆಚ್ಚಿನವು ಮಾಮೂಲಿ ಗಿಡಗಳು. ತೂಕದ ಲೆಕ್ಕದಲ್ಲಿ ಮಾರಿಹೋದವು, ಸತ್ತವು. ದಶಕ ಮುಗಿಯುವ ಮೊದಲೇ ಬೆಲೆ ಕುಸಿಯಿತು. ಆಗ ಕೋಟ್ಯಧೀಶರ ಸ್ವತ್ತಾಗಿದ್ದ ತಳಿಗಳನ್ನು ಈಗ ಸಾಮಾನ್ಯ ಸಂಬಳದವರೂ ಕೊಳ್ಳುತ್ತಾರೆ. ಕೊಂಡು ಕೂಡಿಟ್ಟವರು ಕೆಟ್ಟರು, ಗಿಡ ಊರೆಲ್ಲ ಹರಡಿತು. ನನಗೇನೂ ಅವರ ಮೇಲೆ ಮರುಕ ಬರುವುದಿಲ್ಲ. ಮರುಕ ಬೆಟ್ಟದ ಮೇಲೆ. 2021ರಲ್ಲಿ ಚೀನಾ ಸರ್ಕಾರ ತನ್ನ ರಕ್ಷಿತ ಕಾಡುಗಿಡಗಳ ಪಟ್ಟಿಯನ್ನು ತಿದ್ದಿ, ಸಿಂಬಿಡಿಯಂ ಕುಲದ ಹೆಚ್ಚುಕಡಿಮೆ ಎಲ್ಲ ಜಾತಿಗಳನ್ನೂ ಅದರಲ್ಲಿ ಸೇರಿಸಿತು. ತಡವಾಗಿಯೇ ಬಂದ ಬುದ್ಧಿ.

ಈ ಕುಲ ನಮಗೆ ಹೊರಗಿನದೂ ಅಲ್ಲ. ಪಶ್ಚಿಮಘಟ್ಟದ ಮರಗಳ ಕವಲಿನಲ್ಲಿ ದಪ್ಪ ಪಟ್ಟಿಯಂಥ ಎಲೆ ಬಿಟ್ಟು, ಬೇಸಿಗೆಯಲ್ಲಿ ಕಂದುಗೆಂಪು ಹೂಗೊಂಚಲನ್ನು ಕೆಳಗೆ ಇಳಿಬಿಡುವ ಸಿಂಬಿಡಿಯಂ ಅಲೋಯಿಫೋಲಿಯಂ ಇದರ ನೆಂಟನೇ. ಅದು ಕಾಸರಕದ ಮರದ ಮೇಲೆ ಬೆಳೆಯುವುದನ್ನು ಕಂಡು, ಮಲಬಾರಿನವರು ಇಟ್ಟ ಹೆಸರಿನೊಂದಿಗೆ, ‘ಹೋರ್ಟಸ್ ಮಲಬಾರಿಕಸ್’ ಗ್ರಂಥದ ಕೊನೆಯ ಸಂಪುಟ 1693ರಲ್ಲೇ ಚಿತ್ರ ಸಮೇತ ದಾಖಲಿಸಿದೆ. ಮಲೆನಾಡಿಗೆ ಹೋದವರು ಕಾರಿನ ಡಿಕ್ಕಿಯಲ್ಲಿ ಅದನ್ನೂ ಸೀತಾಳೆ ಆರ್ಕಿಡನ್ನೂ ಹೇರಿಕೊಂಡು ಬರುವುದನ್ನು ನಿಲ್ಲಿಸಬೇಕು. ಬಯಲುಸೀಮೆಯ ಬಾಲ್ಕನಿಯಲ್ಲಿ ಅವು ಬದುಕುವುದು ಅಪರೂಪ.

ಬೆಳೆಯುವ ಆಸೆ ಇದ್ದರೆ ನರ್ಸರಿಯಲ್ಲಿ ಬೆಳೆಸಿದ ಜಿಯಾನ್‌ಲಾನ್ ಕೇಳಿ. ಮೂರು ಕಂದಿಗಿಂತ ಕಡಿಮೆ ಇರುವುದನ್ನು ಕೊಳ್ಳಬೇಡಿ. ಹೂವಿಲ್ಲದಾಗ ಒಂದು ತಳಿಯಿಂದ ಇನ್ನೊಂದನ್ನು ಹೇಳುವುದು ಪಳಗಿದವರಿಗೂ ಕಷ್ಟ, ಆದ್ದರಿಂದ ದೊಡ್ಡ ಹೆಸರಿಗೆ ದೊಡ್ಡ ದುಡ್ಡು ಸುರಿಯಬೇಡಿ. ವಿದೇಶದಿಂದ ತರುವುದಾದರೆ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಆಮದು ಪರವಾನಗಿಯೂ ಬೇಕು. ಸೂಟ್‌ಕೇಸಿನಲ್ಲಿ ಬಟ್ಟೆಯ ನಡುವೆ ಸುತ್ತಿ ತರುವಂಥದ್ದಲ್ಲ. ಕಾಡಿನಿಂದ ಕಿತ್ತ ಗಿಡ ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ ಬರಿಗೈಲಿ ವಾಪಸು ಬನ್ನಿ. ಮತ್ತು ನಿಮ್ಮ ಕುಂಡ ತುಂಬಿದ ವರ್ಷ ಬುಡ ಬಿಡಿಸಿ ಅರ್ಧವನ್ನು ಪಕ್ಕದ ಮನೆಯವರಿಗೆ ಕೊಡಿ. ನಿಮ್ಮದು ಸತ್ತರೆ ಕೇಳಿಕೊಂಡು ಹೋಗಲು ಒಂದು ಬಾಗಿಲಿರುತ್ತದೆ.